ಪಾಪುವಿನ ಫೋನು ಮತ್ತು ಪಂಚಾಯಿತಿಯ ಕೆಲಸ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಕುಡಿಯುವ ನೀರು, ಚರಂಡಿ, ಬೀದಿದೀಪ, ವಸತಿ ಫಲಾನುಭವಿಗಳ ಆಯ್ಕೆ ತಪ್ಪದೆ ಬರುತ್ತವೆ. ಮೂರು ವರ್ಷದೊಳಗಿನ ಮಗುವಿನ ಕೈಯಲ್ಲಿರುವ ಮೊಬೈಲ್ ಫೋನು ಅಲ್ಲಿ ಚರ್ಚೆಗೆ ಬರುವುದು ವಿರಳ. ಅದು ಮನೆಯೊಳಗಿನ ಸಂಗತಿ, ಹೆತ್ತವರಿಗೆ ಬಿಟ್ಟದ್ದು ಎಂಬ ಭಾವನೆ ಇದಕ್ಕೆ ಕಾರಣ. ಆದರೆ ಆ ಫೋನು ಮಗುವಿನ ಕೈಗೆ ಬರುವ ದಾರಿಯನ್ನು ಗಮನಿಸಿದರೆ ಅದರಲ್ಲಿ ಪಂಚಾಯಿತಿಯ ಪಾಲೂ ಇರುವುದು ಕಾಣುತ್ತದೆ.

ಹಳ್ಳಿಯಲ್ಲಿ ಎರಡು ವರ್ಷದ ಮಗುವಿಗೆಂದು ಅಂಗಡಿಯಿಂದ ಹೊಸ ಫೋನು ತರುವವರು ಕಡಿಮೆ. ಮನೆಯ ದೊಡ್ಡವರು ಹೊಸದನ್ನು ಕೊಂಡಾಗ, ಗಾಜು ಒಡೆದ ಹಳೆಯದು ಮಗುವಿನ ಪಾಲಾಗುತ್ತದೆ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಆನ್‌ಲೈನ್ ಪಾಠಕ್ಕೆಂದು ಕೈಸಾಲ ಮಾಡಿ ಕೊಂಡ ಫೋನುಗಳು ಆಮೇಲೆ ಮನೆಯ ಕಿರಿಯ ಮಕ್ಕಳಿಗೆ ಇಳಿದು ಬಂದದ್ದೂ ಉಂಟು. ಅದರಲ್ಲಿ ಸಿಮ್ ಇರುವುದಿಲ್ಲ. ತಂದೆಯ ಫೋನಿನಿಂದ ಇಂಟರ್ನೆಟ್ ಹಂಚಿಕೊಂಡು ವಿಡಿಯೊ ಓಡುತ್ತದೆ. ಕ್ರಮೇಣ ಅದಕ್ಕೆ ‘ಪಾಪುವಿನ ಫೋನು’ ಎಂಬ ಹೆಸರು ಬೀಳುತ್ತದೆ. ಹೆಸರು ಬಿದ್ದ ದಿನದಿಂದ ವಿಷಯವೇ ಬೇರೆ. ತಾಯಿಯ ಫೋನಿಗೆ ಕರೆ ಬಂದರೆ ತಾಯಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲೇಬೇಕು. ಅಷ್ಟರಮಟ್ಟಿಗೆ ಒಂದು ತಡೆ ತಾನಾಗಿಯೇ ಇರುತ್ತದೆ. ಮಗುವಿನದೇ ಆದ ಫೋನಿಗೆ ಬ್ಯಾಟರಿ ಮುಗಿಯುವುದೊಂದೇ ತಡೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಎರಡು ವರ್ಷ ತುಂಬುವವರೆಗೆ ಮಗುವನ್ನು ಪರದೆಯ ಮುಂದೆ ಕೂರಿಸುವುದು ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ಅದರ ಸಲಹೆ. ಒಂದು ವರ್ಷ ದಾಟಿದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿಕೊಂಡು ಆಡಬೇಕು, ಎರಡು ವರ್ಷದೊಳಗೆ ಹಗಲಿನ ನಿದ್ದೆಯೂ ಸೇರಿ 11ರಿಂದ 14 ಗಂಟೆ ನಿದ್ರಿಸಬೇಕು ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆಯೂ ಬಹುಮಟ್ಟಿಗೆ ಇದೇ. ಆದರೆ ದೂರದ ಊರಿನಲ್ಲಿರುವ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕರೆಯಲ್ಲಿ ಮಾತನಾಡುವುದಕ್ಕೆ ಸಂಘವು ವಿನಾಯಿತಿ ಕೊಟ್ಟಿದೆ. ರಾಯಚೂರು, ಯಾದಗಿರಿ ಭಾಗದಿಂದ ಬೆಂಗಳೂರಿಗೆ ದುಡಿಯಲು ಹೋದ ತಂದೆಯ ಮುಖವನ್ನು ಕೂಸು ಫೋನಿನಲ್ಲಿ ಕಂಡು ನಗುವುದನ್ನು ಯಾರೂ ತಪ್ಪೆನ್ನುವುದಿಲ್ಲ. ಅಲ್ಲಿ ಮಗು ನಕ್ಕರೆ ತಂದೆಯೂ ನಗುತ್ತಾನೆ.

ವ್ಯತ್ಯಾಸವಿರುವುದು ಅಲ್ಲಿಯೇ. ಮಗು ‘ತಾ’ ಎಂದರೆ ಅಜ್ಜಿ ‘ಏನ್ ಬೇಕವ್ವಾ, ತಾತ ಬೇಕಾ?’ ಎನ್ನುತ್ತಾಳೆ, ಮಗು ಮತ್ತೆ ಏನೋ ಅನ್ನುತ್ತದೆ, ಅಜ್ಜಿ ಮತ್ತೆ ಉತ್ತರಿಸುತ್ತಾಳೆ. ಈ ಕೊಡುಕೊಳುವಿನಿಂದ ಮಾತು ಬೆಳೆಯುತ್ತದೆ. ವಿಡಿಯೊದಲ್ಲಿ ಓಡಾಡುವ ಕರಡಿ ಮಗು ಏನೆಂದರೂ ತನ್ನ ಪಾಡಿಗೆ ತಾನು ಹಾಡುತ್ತಿರುತ್ತದೆ. ಎರಡೂವರೆ ವರ್ಷದ ಮಗು ಇಂಗ್ಲಿಷಿನ ಅಕ್ಷರಮಾಲೆಯನ್ನು ಒಂದೇ ಉಸಿರಿಗೆ ಒಪ್ಪಿಸಿದರೆ ಮನೆಯವರು ಹಿಗ್ಗುತ್ತಾರೆ; ನೆಂಟರು ಬಂದಾಗ ಮತ್ತೊಮ್ಮೆ ಹೇಳಿಸುತ್ತಾರೆ. ಅದೇ ಮಗುವಿಗೆ ‘ನಿನ್ನ ಚಪ್ಪಲಿ ಎಲ್ಲಿ?’ ಎಂದು ಕೇಳಿದರೆ ಉತ್ತರವಿರದಿದ್ದರೆ, ಆ ಒಪ್ಪಿಸುವಿಕೆಯನ್ನು ಕಲಿಕೆ ಎಂದು ಕರೆಯುವುದು ಕಷ್ಟ. ಮಕ್ಕಳ ಟ್ಯಾಬ್‌ನ ಪೆಟ್ಟಿಗೆಯ ಮೇಲೆ ‘ಶೈಕ್ಷಣಿಕ’ ಎಂದು ಅಚ್ಚಾಗಿರುವುದಕ್ಕೆ ಮಾರಾಟಗಾರನ ಮಾತಿಗಿಂತ ಹೆಚ್ಚಿನ ಬೆಲೆ ಇಲ್ಲ.

ಉಣಿಸುವ ಹೊತ್ತಿನ ಫೋನಿಗೂ ಇದೇ ಮಾತು. ಚಂದ್ರನನ್ನು ತೋರಿಸಿ ತುತ್ತಿಡುವಾಗಲೂ ಮಗುವಿನ ಗಮನ ಬೇರೆಡೆ ಹೋಗುತ್ತಿತ್ತಲ್ಲ ಎಂದು ಕೆಲವರು ವಾದಿಸುತ್ತಾರೆ. ವಾದ ಜಾಣತನದ್ದೇ. ಆದರೆ ಚಂದ್ರನನ್ನು ತೋರಿಸಿದವಳು ಮಗುವಿನ ಮುಖವನ್ನು ನೋಡುತ್ತಿದ್ದಳು. ಅದು ಸಾಕೆಂದು ತಲೆ ತಿರುಗಿಸಿದಾಗ ಅವಳಿಗೆ ತಿಳಿಯುತ್ತಿತ್ತು. ಪರದೆಯಲ್ಲಿ ಕಣ್ಣು ನೆಟ್ಟ ಮಗುವಿಗೆ ಹೊಟ್ಟೆ ತುಂಬಿದ್ದು ತನಗೇ ತಿಳಿಯುವುದು ಕಷ್ಟ.

ಇಷ್ಟು ಹೇಳಿದ ಮೇಲೆ ತಾಯಂದಿರಿಗೆ ಬುದ್ಧಿ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅನೇಕ ಜಾಗೃತಿ ಸಭೆಗಳು ನಡೆಯುವುದೂ ಹಾಗೆಯೇ. ಕಳೆ ಕೀಳಲು ಹೋಗುವ ಹೆಣ್ಣುಮಗಳು ಕೂಸನ್ನು ಬದುವಿನ ಮರದಡಿ ಕೂರಿಸಿ ಕೈಗೆ ಫೋನು ಕೊಡುತ್ತಾಳೆಂದರೆ, ಆ ಫೋನು ಅವಳ ಪಾಲಿಗೆ ಆಟಿಕೆಯಲ್ಲ, ಕೂಲಿ ಇಲ್ಲದ ಆಳು. ಮಗು ಬಾವಿಯ ಕಡೆಗೆ, ರಸ್ತೆಯ ಕಡೆಗೆ ಹೋಗದಂತೆ ಅದು ಹಿಡಿದಿಡುತ್ತದೆ. ಅದನ್ನು ಕಿತ್ತುಕೊಳ್ಳಿ ಎಂದು ಹೇಳುವವರು, ಅದರ ಬದಲಿಗೆ ಮಗುವನ್ನು ಯಾರು ನೋಡಿಕೊಳ್ಳಬೇಕೆಂಬುದನ್ನೂ ಹೇಳಬೇಕಾಗುತ್ತದೆ.

ಇದಕ್ಕೆ ಉತ್ತರ ಕೊಡುವ ಶಕ್ತಿ ಸ್ಥಳೀಯವಾಗಿ ಗ್ರಾಮ ಪಂಚಾಯಿತಿಗೇ ಹೆಚ್ಚು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ರಾಜ್ಯ ಸರ್ಕಾರವು 2023–24ನೇ ಸಾಲಿನ ಆಯವ್ಯಯದಲ್ಲಿ ಪ್ರಕಟಿಸಿತು. ಕೇಂದ್ರವಿರುವ ಪಂಚಾಯಿತಿಯ ಸದಸ್ಯರು ಹಾಜರಿ ಪುಸ್ತಕವನ್ನಷ್ಟೇ ನೋಡಿ ಬರುವುದು ಸಾಲದು. ಬಾಗಿಲು ತೆರೆಯುವ ವೇಳೆಯೂ ತಾಯಂದಿರು ಕೆಲಸಕ್ಕೆ ಹೊರಡುವ ವೇಳೆಯೂ ಹೊಂದುತ್ತವೆಯೇ? ಆರೈಕೆದಾರರಿಗೆ ಗೌರವಧನ ಸಕಾಲದಲ್ಲಿ ತಲುಪುತ್ತಿದೆಯೇ? ಇನ್ನೊಂದು ಪ್ರಶ್ನೆ ಸ್ವಲ್ಪ ಮುಜುಗರದ್ದು: ಮಕ್ಕಳನ್ನು ಸುಮ್ಮನಿರಿಸಲು ಅಲ್ಲಿಯೂ ಗೋಡೆಯ ಟಿ.ವಿ. ಇಲ್ಲವೇ ಆರೈಕೆದಾರರ ಸ್ವಂತ ಫೋನು ಬಳಕೆಯಾಗುತ್ತಿದೆಯೇ? ಹಾಗಿದ್ದರೆ ಮನೆಗೂ ಕೇಂದ್ರಕ್ಕೂ ವ್ಯತ್ಯಾಸವೇನು ಉಳಿಯಿತು? ಮರಳಿನ ಗುಂಡಿ, ಮರದ ಗಾಡಿ, ತೆಂಗಿನ ಕರಟ, ಬಟ್ಟೆಯ ಚೆಂಡು ಇವುಗಳಿಗೆ ದೊಡ್ಡ ಅನುದಾನ ಬೇಕಾಗುವುದಿಲ್ಲ. ಅಂಗನವಾಡಿಯ ಅಂಗಳಕ್ಕೆ ಬೇಲಿಯೂ ನೆರಳೂ ಇದ್ದರೆ ಮಕ್ಕಳು ಹೊರಗೆ ಆಡುತ್ತಾರೆ; ಹೊರಗಿನ ಬೆಳಕಿನಲ್ಲಿ ಆಡಿ ಬೆಳೆದ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಕಡಿಮೆ ಎಂಬುದನ್ನು ನೇತ್ರತಜ್ಞರು ಒಪ್ಪುತ್ತಾರೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಆರಂಭವಾದಾಗ ರಾಜ್ಯದಲ್ಲಿ ಮೊದಲು ಜಾರಿಗೆ ಬಂದದ್ದು ತಿ. ನರಸೀಪುರದಲ್ಲಿ. ಐವತ್ತು ವರ್ಷ ಕಳೆದ ಮೇಲೆಯೂ ಆಡಲು ಅಂಗಳವಿಲ್ಲದ ಅಂಗನವಾಡಿಗಳು ಇರುವುದು ಸಮಾಧಾನದ ಸಂಗತಿಯಲ್ಲ.

ಅತ್ಯಂತ ಎಚ್ಚರ ಬೇಕಾದ ಸಂಗತಿ ಮಾತು ತಡವಾಗುವ ಮಕ್ಕಳದು. ಎರಡು ವರ್ಷ ತುಂಬುವ ಹೊತ್ತಿಗೆ ಮಗು ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಜೋಡಿಸಬೇಕು. ಹಾಗಾಗದಿದ್ದರೆ ‘ಅವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು’ ಎಂದು ಹಿಂದೆ ಕಾಯುತ್ತಿದ್ದರು. ಈಗ ‘ಎಲ್ಲ ಮೊಬೈಲಿನಿಂದ, ಬಿಡಿಸಿದರೆ ಸರಿಹೋಗುತ್ತದೆ’ ಎಂದು ಕಾಯುತ್ತಾರೆ. ಎರಡೂ ಅಪಾಯಕಾರಿ. ಮಗುವಿಗೆ ಕಿವಿಯೇ ಸರಿಯಾಗಿ ಕೇಳಿಸದಿರಬಹುದು. ಆಟಿಸಂನಂತಹ ಬೆಳವಣಿಗೆಯ ತೊಂದರೆ ಇರಬಹುದು. ಫೋನು ಬಿಡಿಸಿ ಆರು ತಿಂಗಳು ಕಾದು ನೋಡುವ ಮನೆಯವರು, ಚಿಕಿತ್ಸೆ ಹೆಚ್ಚು ಫಲಿಸುವ ಆರು ತಿಂಗಳನ್ನೇ ಕಳೆದುಕೊಳ್ಳುತ್ತಾರೆ. ಫೋನು ಬಿಡಿಸುವುದೂ ಆಗಬೇಕು, ಅದೇ ವಾರ ಶ್ರವಣ ಪರೀಕ್ಷೆಗೆ ಕಳುಹಿಸುವುದೂ ಆಗಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕೆಂಬುದು ನಿಯಮ. ತೊಂದರೆ ಕಂಡ ಮಗುವನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಪರೀಕ್ಷೆ, ತರಬೇತಿಗಳ ವ್ಯವಸ್ಥೆ ಇದೆ. ತಂಡ ಬರುವ ದಿನ ಯಾವ ಮನೆಯ ಮಗು ಗೈರುಹಾಜರಾಗಿದೆ ಎಂಬುದು ವಾರ್ಡಿನ ಸದಸ್ಯರಿಗೆ ತಿಳಿದಿದ್ದರೆ, ಆ ಮಗುವನ್ನು ಕರೆಸುವುದು ಒಂದು ಗಳಿಗೆಯ ಕೆಲಸ. ಇಟ್ಟಿಗೆ ಗೂಡುಗಳಲ್ಲಿ, ಕಬ್ಬು ಕಡಿಯುವವರ ಗುಡಿಸಲುಗಳಲ್ಲಿ ಇರುವ ಹೊರಗಿನವರ ಮಕ್ಕಳು ಈ ಪಟ್ಟಿಯಿಂದ ಮೊದಲು ಜಾರಿಹೋಗುತ್ತಾರೆ.

ಕೊನೆಯದಾಗಿ, ಜಾತ್ರೆಯಲ್ಲೂ ಸಂತೆಯಲ್ಲೂ ಅಗ್ಗಕ್ಕೆ ಸಿಗುವ ಹಾಡುವ ಫೋನು, ಮಿನುಗುವ ಆಟಿಕೆಗಳ ವಿಚಾರ. ‘ನಿಜವಾದ ಫೋನಲ್ಲವಲ್ಲ’ ಎಂದು ಇವುಗಳನ್ನು ನಿಶ್ಚಿಂತೆಯಿಂದ ಕೊಡುವುದುಂಟು. ಇಂತಹ ಎಷ್ಟೋ ಆಟಿಕೆಗಳೊಳಗೆ ಗುಂಡಿಯ ಆಕಾರದ ಬ್ಯಾಟರಿ ಇರುತ್ತದೆ. ಸ್ಕ್ರೂ ಇಲ್ಲದ ಮುಚ್ಚಳ ಮಗುವಿನ ಉಗುರಿಗೇ ತೆರೆದುಕೊಳ್ಳುತ್ತದೆ. ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಒಳಗಿನ ಮಾಂಸವನ್ನು ಸುಡಬಲ್ಲದು. ವಾಂತಿ ಮಾಡಿಸುವುದಾಗಲಿ, ಮಲದಲ್ಲಿ ಹೋಗಲೆಂದು ಬಾಳೆಹಣ್ಣು ತಿನ್ನಿಸಿ ಕಾಯುವುದಾಗಲಿ ಕೂಡದು. ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಒಯ್ಯಬೇಕು. 108 ಆಂಬುಲೆನ್ಸ್‌ಗೆ ಕರೆ ಮಾಡುವಾಗಲೇ ‘ಬ್ಯಾಟರಿ ನುಂಗಿದೆ’ ಎಂದು ಸ್ಪಷ್ಟವಾಗಿ ಹೇಳಬೇಕು. ಇಷ್ಟನ್ನು ಮುಂದಿನ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕತಾ ದಿನದಂದು ಆಶಾ ಕಾರ್ಯಕರ್ತೆಯರ ಮೂಲಕ ತಾಯಂದಿರಿಗೆ ತಿಳಿಸಲು, ಜಾತ್ರೆಗೆ ಮುಂಚೆ ಊರಿನಲ್ಲಿ ಡಂಗುರ ಸಾರಿಸಲು ಸದಸ್ಯರು ಕ್ರಮ ಕೈಗೊಳ್ಳಬಹುದು.