ರೈಲು ಎಲ್ಲಿದೆ ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತೆ?

ಮನೆಯಲ್ಲೇ ಮಾಡೆಲ್ ರೈಲ್ವೆ ಕಟ್ಟೋದು ಹೇಗೆ ಅಂತ ಕೇಳ್ತಾನೇ ಇದ್ದೀರಿ. ಅದೂ ಬರೀ ಗುಂಡಗೆ ಸುತ್ತೋ ರೈಲಲ್ಲ, ಕಂಪ್ಯೂಟರ್ ಓಡಿಸೋ ರೈಲು. ಗೂಡ್ಸ್ ಗಾಡಿ ತಾನಾಗೇ ಲೂಪ್ ಲೈನಿಗೆ ಸರಿದು ನಿಲ್ಲಬೇಕು, ಪಕ್ಕದಲ್ಲಿ ಎಕ್ಸ್‌ಪ್ರೆಸ್ ಹಾದು ಹೋಗಬೇಕು, ಹಿಂದಿನ ಸಿಗ್ನಲ್ ಕೆಂಪಾಗಬೇಕು. ಇವತ್ತು ಅದೇ ವಿಷಯ. ನಂದು ಬಿ.ಕಾಂ, ಸೋಲ್ಡರಿಂಗ್ ಕಲಿತಿದ್ದು ಯೂಟ್ಯೂಬ್‌ನಲ್ಲಿ. ಹಾಗಾಗಿ ಸರ್ಕ್ಯೂಟ್ ಅಂದ್ರೆ ಭಯ ಇರೋರೂ ಧೈರ್ಯವಾಗಿ ಕೇಳಿ.

ಮೊದಲು ಇದು ಕೆಲಸ ಮಾಡೋ ರೀತಿ. ಹಳೇ ಕಾಲದಲ್ಲಿ ಹಳಿಗೆ ಕೊಡೋ ವೋಲ್ಟೇಜ್ ಜಾಸ್ತಿ ಮಾಡಿದ್ರೆ ರೈಲು ಜೋರಾಗಿ ಓಡ್ತಿತ್ತು. ಒಂದೇ ಹಳಿ ಮೇಲೆ ಎರಡು ಇಂಜಿನ್ ಇಟ್ರೆ ಎರಡೂ ಓಡ್ತಿದ್ವು. ಈಗಿರೋದು ಡಿಸಿಸಿ, ಅಂದ್ರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಜರ್ಮನಿಯ ಲೆನ್ಜ್ ಕಂಪನಿಯ ವಿಧಾನವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಎನ್‌ಎಂಆರ್‌ಎ ಸಂಸ್ಥೆ 1990ರ ದಶಕದಲ್ಲಿ ಇದಕ್ಕೊಂದು ಮಾನದಂಡ ಮಾಡಿತು. ಇಲ್ಲಿ ಹಳಿಯಲ್ಲಿ ಕರೆಂಟ್ ಯಾವಾಗಲೂ ಇರುತ್ತೆ, ಅದರ ಜೊತೆಗೇ ಆದೇಶಗಳೂ ಹರೀತವೆ. ಪ್ರತಿ ಇಂಜಿನ್ ಒಳಗೂ ಡಿಕೋಡರ್ ಅನ್ನೋ ಪುಟ್ಟ ಬೋರ್ಡ್, ಅದಕ್ಕೊಂದು ನಂಬರ್. ಹೊಸ ಡಿಕೋಡರ್ ಸಾಮಾನ್ಯವಾಗಿ 3ನೇ ನಂಬರಿನಲ್ಲಿ ಬರುತ್ತೆ. ರೈಲ್ವೆ ಸ್ಟೇಷನ್ ಮೈಕಿನಲ್ಲಿ ಹೆಸರು ಕರೆದ ಹಾಗೆ: ಕೂಗು ಎಲ್ಲರಿಗೂ ಕೇಳುತ್ತೆ, ಹೆಸರಿನವರು ಮಾತ್ರ ಎದ್ದು ಬರ್ತಾರೆ.

ಇದನ್ನ ಕಡಿಮೆ ಖರ್ಚಲ್ಲಿ ಮಾಡೋ ದಾರಿ ಈಗ ಇದೆ. ಆರ್ಡ್ಯುಯಿನೋ ಮೆಗಾ ಬೋರ್ಡ್, ಅದರ ಮೇಲೆ ಮೋಟರ್ ಶೀಲ್ಡ್, ಅದರೊಳಗೆ ಡಿಸಿಸಿ-ಇಎಕ್ಸ್ ಅನ್ನೋ ಉಚಿತ ಸಾಫ್ಟ್‌ವೇರ್. ಲ್ಯಾಪ್‌ಟಾಪ್‌ನಲ್ಲೋ ರಾಸ್ಪ್‌ಬೆರಿ ಪೈನಲ್ಲೋ ಜೆಎಂಆರ್‌ಐ. ಅದೂ ಉಚಿತ. ಕೈಯಲ್ಲಿ ಫೋನ್, ಅದರಲ್ಲಿ ಇಂಜಿನ್ ಡ್ರೈವರ್ ಆ್ಯಪ್. ಅಂದ ಹಾಗೆ ಈ ಜೆಎಂಆರ್‌ಐ ಶುರು ಮಾಡಿದವರಲ್ಲಿ ಒಬ್ಬರಾದ ಬಾಬ್ ಜೇಕಬ್‌ಸನ್ ಬರ್ಕ್‌ಲಿಯಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಅವರ ಕೇಸಿನಲ್ಲೇ 2008ರಲ್ಲಿ ಅಮೆರಿಕದ ಕೋರ್ಟು, ಓಪನ್ ಸೋರ್ಸ್ ಲೈಸೆನ್ಸಿನ ಷರತ್ತು ಮುರಿದ್ರೆ ಕಾಪಿರೈಟ್ ಕಾನೂನು ಅನ್ವಯ ಆಗಬಹುದು ಅಂತ ಹೇಳಿದ್ದು. ಆಟದ ರೈಲಿನ ಸಾಫ್ಟ್‌ವೇರಿನಿಂದ ಅಷ್ಟು ದೊಡ್ಡ ತೀರ್ಪು!

ಸರಿ, ಈಗ ಮುಖ್ಯ ವಿಷಯ. ನೀವು '3ನೇ ನಂಬರ್ ಇಂಜಿನ್, ಹೊರಡು' ಅಂತೀರಿ. ಹೊರಟಿತಾ? ಕಂಪ್ಯೂಟರ್‌ಗೆ ಗೊತ್ತಿಲ್ಲ. ಚಕ್ರಕ್ಕೆ ಧೂಳು ಹಿಡಿದು ಅಲ್ಲೇ ನಿಂತಿರಬಹುದು, ಬೋಗಿ ಕಳಚಿಕೊಂಡು ಹಿಂದೆ ಉಳಿದಿರಬಹುದು. ಮಾಮೂಲಿ ಡಿಸಿಸಿಯಲ್ಲಿ ಮಾತು ಒಂದೇ ಕಡೆಗೆ ಹೋಗುತ್ತೆ, ಉತ್ತರ ವಾಪಸ್ ಬರಲ್ಲ. ಹಾಗಾಗಿ ಇಂಜಿನ್ ಎಷ್ಟೇ ದುಬಾರಿ ಇರಲಿ, ಕಂಪ್ಯೂಟರಿಗೆ ಕಣ್ಣು ಕೊಡದೆ ಇದ್ರೆ ಅದು ಕಣ್ಣು ಕಟ್ಟಿಕೊಂಡು ಗಾಡಿ ಓಡಿಸಿದ ಹಾಗೆ.

ಆ ಕಣ್ಣಿಗೆ ಬ್ಲಾಕ್ ಅಂತಾರೆ. ಹಳಿಯನ್ನ ತುಂಡು ತುಂಡಾಗಿ ವಿಂಗಡಿಸಿ, ಪ್ರತಿ ತುಂಡಿನ ಸಂದಿಯಲ್ಲಿ ಹಳಿ ಕತ್ತರಿಸಿ ಪ್ಲಾಸ್ಟಿಕ್ ಜಾಯಿನರ್ ಹಾಕ್ತಾರೆ. ಪ್ರತಿ ಬ್ಲಾಕಿನ ವೈರಿಗೂ ಒಂದು ಕರೆಂಟ್ ಸೆನ್ಸರ್. ಇಂಜಿನ್ ಒಳಗೆ ಬಂದ್ರೆ ಕರೆಂಟ್ ಹರಿಯುತ್ತೆ, 'ಈ ಬ್ಲಾಕ್‌ನಲ್ಲಿ ರೈಲಿದೆ' ಅಂತ ಸುದ್ದಿ ಹೋಗುತ್ತೆ. ಬೋಗಿ ಕರೆಂಟ್ ತಗೊಳಲ್ವಲ್ಲ? ಅದಕ್ಕೆ ಕೊನೇ ಬೋಗಿಯ ಆಕ್ಸಲ್ ಮೇಲೆ 10 ಕಿಲೋ ಓಮ್‌ನ ಒಂದು ಸಣ್ಣ ರೆಸಿಸ್ಟರ್ ಅಂಟಿಸ್ತಾರೆ. ಇದು ಹೊಸ ಉಪಾಯ ಏನಲ್ಲ. ನಿಜವಾದ ರೈಲ್ವೆಗೆ ವಿಲಿಯಂ ರಾಬಿನ್ಸನ್ 1872ರಲ್ಲೇ ಟ್ರ್ಯಾಕ್ ಸರ್ಕ್ಯೂಟಿನ ಪೇಟೆಂಟ್ ತಗೊಂಡಿದ್ರು. ಅಲ್ಲಿ ಚಕ್ರ ಎರಡೂ ಹಳಿಯನ್ನ ಜೋಡಿಸುತ್ತೆ, ರಿಲೇ ಬೀಳುತ್ತೆ, ಸಿಗ್ನಲ್ ಕೆಂಪಾಗುತ್ತೆ.

ಇನ್ನು ಪಾಯಿಂಟ್. ಹಳಿ ಎರಡಾಗಿ ಒಡೆಯೋ ಜಾಗ. ಅದನ್ನ ತಿರುಗಿಸೋಕೆ ಸಣ್ಣ ಸರ್ವೋ ಮೋಟರ್ ಹಾಕ್ತೀವಿ. ಜೆಎಂಆರ್‌ಐ ಒಳಗೆ ಪ್ರತಿ ಪಾಯಿಂಟ್‌ಗೂ ಎರಡು ಸ್ಥಿತಿ ಬರೆದಿಡ್ತಾರೆ: ಒಂದು ಆದೇಶ ಕೊಟ್ಟ ಸ್ಥಿತಿ, ಇನ್ನೊಂದು ಖಚಿತವಾಗಿ ಗೊತ್ತಿರೋ ಸ್ಥಿತಿ. ಕಾಮರ್ಸ್ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ. ಕ್ಯಾಶ್ ಬುಕ್ ಬೇರೆ, ಪಾಸ್‌ಬುಕ್ ಬೇರೆ! ಚೆಕ್ ಬರೆದ ತಕ್ಷಣ ನಮ್ಮ ಪುಸ್ತಕದಲ್ಲಿ ದುಡ್ಡು ಹೋಯ್ತು, ಬ್ಯಾಂಕಿನಲ್ಲಿ ಇನ್ನೂ ಇದೆ. ಎರಡನ್ನೂ ಹೊಂದಿಸದೆ ಲೆಕ್ಕ ಮುಗಿಸೋ ಹಾಗಿಲ್ಲ. ಸೆನ್ಸರ್ ಇಲ್ಲದ ಪಾಯಿಂಟ್ ಅಂದ್ರೆ ಪಾಸ್‌ಬುಕ್ಕೇ ನೋಡದೆ ಬ್ಯಾಲೆನ್ಸ್ ಹೇಳಿದ ಹಾಗೆ. ಪಾಯಿಂಟಿನ ಎರಡೂ ತುದಿಗೆ ಒಂದೊಂದು ಮೈಕ್ರೋಸ್ವಿಚ್ ಇಡಿ. ಪಾಯಿಂಟ್ ಪೂರ್ತಿ ತಿರುಗಿ ಆ ಸ್ವಿಚ್ ಒತ್ತಿದ ಮೇಲೇ ಸಿಗ್ನಲ್ ಹಸಿರಾಗಬೇಕು.

ಮನೆಯ ಆಟಕ್ಕೆ ಇಷ್ಟೆಲ್ಲಾ ಯಾಕೆ ಅಂತೀರಾ? 2023ರ ಜೂನ್ 2ರ ಸಂಜೆ ಒಡಿಶಾದ ಬಹನಗಾ ಬಜಾರ್ ಸ್ಟೇಷನ್ ನೆನಪಿದೆಯಲ್ಲ. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನ ಹಸಿರು ಸಿಗ್ನಲ್ ಇತ್ತು, ಪಾಯಿಂಟ್ ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ಅಲ್ಲಿ ಗೂಡ್ಸ್ ಗಾಡಿ ನಿಂತಿತ್ತು. ಉರುಳಿದ ಬೋಗಿಗಳು ಬೆಂಗಳೂರಿನಿಂದ ಹೊರಟಿದ್ದ ಹೌರಾ ರೈಲಿನ ಕೊನೇ ಬೋಗಿಗಳನ್ನೂ ಕೆಡವಿದವು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಸರ್ಕ್ಯೂಟ್ ಬದಲಾಯಿಸುವಾಗ ಆದ ಲೋಪವೇ ಕಾರಣ ಅಂತ ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. ನಮ್ಮ ಆಟಿಕೆಯನ್ನ ಆ ದುಃಖಕ್ಕೆ ಹೋಲಿಸ್ತಾ ಇಲ್ಲ. ಆದ್ರೆ ಸಿಗ್ನಲ್ ಹೇಳೋದಕ್ಕೂ ಪಾಯಿಂಟ್ ಇರೋದಕ್ಕೂ ತಾಳೆ ಆಗಬೇಕು ಅನ್ನೋದು ಎಂಥಾ ವಿಷಯ ಅಂತ, ಒಂದು ಪಾಯಿಂಟಿಗೆ ಕೈಯಾರೆ ವೈರ್ ಎಳೆದವರಿಗೆ ಬೇರೆ ಥರ ಅರ್ಥ ಆಗುತ್ತೆ. ಆಮೇಲೆ ಸುದ್ದಿಯಲ್ಲಿ 'ಇಂಟರ್‌ಲಾಕಿಂಗ್' ಅಂದಾಗ ಚಾನೆಲ್ ಬದಲಾಯಿಸೋಕೆ ಮನಸ್ಸು ಬರಲ್ಲ.

ಈಗ ಜಾಗದ ಲೆಕ್ಕ. ಎಚ್‌ಒ ಸ್ಕೇಲ್ ಅಂದ್ರೆ 1:87, ಹಳಿಯ ಅಗಲ 16.5 ಮಿಲಿಮೀಟರ್. ಎನ್ ಸ್ಕೇಲ್ 1:160, ಅಗಲ 9 ಮಿಲಿಮೀಟರ್. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್, ಅದನ್ನ 87ರಿಂದ ಭಾಗಿಸಿದ್ರೆ 19 ಚಿಲ್ಲರೆ ಬರಬೇಕು. ಸಿಗೋ ಹಳಿ 16.5ರದ್ದು, ಅಷ್ಟಕ್ಕೆ ರಾಜಿ ಆಗಿಬಿಡಿ. ಅಂಗಡಿಯಲ್ಲಿ ಸಿಗೋ ಪ್ಲೈವುಡ್ 8 ಅಡಿಗೆ 4 ಅಡಿ. ಎರಡೂ ಕಡೆ ತಿರುವಿಗೆ ಬಿಟ್ರೆ ನಡುವೆ ನೇರ ಹಳಿಗೆ ಉಳಿಯೋದು ಸುಮಾರು 1.4 ಮೀಟರ್. ಅದರಲ್ಲೂ ಎರಡು ಪಾಯಿಂಟ್ ಕೂರಿಸಬೇಕು. ಒಂದು ಎಲ್‌ಎಚ್‌ಬಿ ಬೋಗಿ ಎಚ್‌ಒನಲ್ಲಿ 27 ಸೆಂಟಿಮೀಟರ್ ಬರುತ್ತೆ. ಅಂದ್ರೆ ಲೂಪ್ ಲೈನಿನಲ್ಲಿ ನಿಲ್ಲೋದು ಇಂಜಿನ್ ಜೊತೆ ಎರಡೇ ಬೋಗಿ! ಅದೇ ಬೋಗಿ ಎನ್ ಸ್ಕೇಲಿನಲ್ಲಿ 15 ಸೆಂಟಿಮೀಟರ್. ಬಾಡಿಗೆ ಮನೆಯ ಒಂದು ರೂಮಿನಲ್ಲಿ ಇರೋರಿಗೆ ನನ್ನ ಓಟು ಎನ್ ಸ್ಕೇಲಿಗೆ. ಬೋರ್ಡನ್ನ ಎರಡು ತುಂಡು ಮಾಡಿ, ನಡುವೆ ಬೋಲ್ಟ್ ಹಾಕಿ. ಮನೆ ಬದಲಾಯಿಸುವಾಗ ಅದು ಮೆಟ್ಟಿಲು ಇಳಿಯಬೇಕು. ಗೋಡೆಗೆ ಒರಗಿಸಿ ಇಡೋದಾದ್ರೆ ಅಗಲ ಎರಡೂವರೆ ಅಡಿ ದಾಟಬೇಡಿ, ಹಿಂದೆ ಮಗುಚಿದ ಬೋಗಿ ಕೈಗೆ ಸಿಗಬೇಕಲ್ಲ.

ಒಂದು ಹಳೇ ತೊಂದರೆ ಹೇಳಿಬಿಡ್ತೀನಿ. ಹಳಿ ಗಿರಕಿ ಹೊಡೆದು ವಾಪಸ್ ಅದೇ ಹಳಿಗೆ ಸೇರೋ ಡಿಸೈನ್ ನೋಡೋಕೆ ಚೆಂದ. ಆದ್ರೆ ಅಲ್ಲಿ ಎಡಗಡೆ ಹಳಿ ಹೋಗಿ ಬಲಗಡೆ ಹಳಿಗೇ ತಾಕುತ್ತೆ, ಶಾರ್ಟ್ ಆಗುತ್ತೆ. ಅದಕ್ಕೆ ಆಟೋ ರಿವರ್ಸರ್ ಅಂತ ಬೇರೆ ಬೋರ್ಡ್ ಬೇಕು. ಮೊದಲ ಲೇಔಟಿಗೆ ಅದು ಬೇಡ.

ದುಡ್ಡಿನ ವಿಷಯಕ್ಕೆ ಬಂದ್ರೆ, ಎಲ್ಲರೂ ಮೊದಲು ಇಂಜಿನ್ ಕೊಳ್ತಾರೆ. ಇಂಜಿನ್ ಒಂದೇ ಸಾಕು, ಮಿಕ್ಕಿದ್ದು ಹಳಿ, ಸೆನ್ಸರ್, ವೈರಿಗೆ ಹೋಗಲಿ. ಹಳಿಯ ಜಾಯಿನರ್ ನಂಬಿಕೊಂಡು ಕರೆಂಟ್ ಕಳಿಸಬೇಡಿ. ಬೋರ್ಡಿನ ಕೆಳಗೆ ದಪ್ಪ ವೈರ್ ಎಳೆದು, ಮೀಟರಿಗೊಂದರಂತೆ ಮೇಲಕ್ಕೆ ಸಣ್ಣ ವೈರ್ ಕೊಡಿ. ಆಮೇಲೆ ನಾಣ್ಯದ ಪರೀಕ್ಷೆ: ಅಡ್ಡಲಾಗಿ ಒಂದು ಲೋಹದ ನಾಣ್ಯವನ್ನ ಹಳಿ ಮೇಲೆ ಇಡಿ, ಸಿಸ್ಟಂ ತಕ್ಷಣ ಟ್ರಿಪ್ ಆಗಬೇಕು. ಲೇಔಟಿನ ಮೂಲೆ ಮೂಲೆಯಲ್ಲೂ ಹೀಗೆ ಮಾಡಿ. ಎಲ್ಲಿ ಟ್ರಿಪ್ ಆಗಲ್ವೋ ಅಲ್ಲಿ ವೈರ್ ಸಾಲದು. ಅಲ್ಲಿ ಬೋಗಿ ಮಗುಚಿದ್ರೆ ಟ್ರಿಪ್ ಆಗೋ ಬದಲು ಹಳಿ ಕಾಯುತ್ತೆ, ಪ್ಲಾಸ್ಟಿಕ್ ಕರಗುತ್ತೆ.

ಪುಣೆ ಕಡೆ ಹೋದ್ರೆ ಕೊತ್ರೂಡ್‌ನ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬನ್ನಿ. ರೈಲಿಗಿಂತ ಜಾಸ್ತಿ ಹೊತ್ತು ಸಿಗ್ನಲ್ ನೋಡಿ.

ಏನೂ ಕೊಳ್ಳೋಕೆ ಮುಂಚೆ ಈ ವಾರ ಒಂದು ಕೆಲಸ. ಹಾಳೆ ಮೇಲೆ ನಿಮ್ಮ ಹಳಿ ಬರೆದು, ಬ್ಲಾಕುಗಳಿಗೆ ನಂಬರ್ ಕೊಡಿ. ಬಾಟಲ್ ಮುಚ್ಚಳಗಳೇ ರೈಲು. ನಿಯಮ ಒಂದೇ: ಖಾಲಿ ಇಲ್ಲದ ಬ್ಲಾಕಿಗೆ ಮುಚ್ಚಳ ಹೋಗೋ ಹಾಗಿಲ್ಲ. ಒಂಟಿ ಹಳಿ, ಎರಡು ಲೈನಿನ ಒಂದು ಸ್ಟೇಷನ್ ಇದ್ರೆ ಎರಡು ಮುಚ್ಚಳ ಎದುರುಬದುರು ಬಂದು ಆರಾಮಾಗಿ ದಾಟ್ತವೆ. ಮೂರನೇದು ಇಟ್ಟು ನೋಡಿ, ಎಲ್ಲಿ ಸಿಕ್ಕಿಕೊಳ್ತು ಅಂತ ಫೋಟೋ ತೆಗೆದು ನನಗೆ ಕಳಿಸಿ. ಮುಂದಿನ ವಾರ ಅವುಗಳನ್ನೇ ಬಿಡಿಸೋಣ.