ಶಿಶುಶಿಕ್ಷಣದ ಶಾಸನವೂ ಮನೆಯ ಮೂಲಧನವೂ



ಧನವು ಎರಡು ಬಗೆಯದು. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಧನವೊಂದು. ನುಡಿ, ನಡೆ, ಅಭಿರುಚಿಗಳ ರೂಪದಿಂದ ತಾಯಿಯ ಮಡಿಲಿನಲ್ಲಿಯೇ ಮಗುವಿಗೆ ಬರುವ ಧನವಿನ್ನೊಂದು. ಈ ಎರಡನೆಯದನ್ನು ‘ಸಾಂಸ್ಕೃತಿಕ ಮೂಲಧನ’ವೆಂದು ಕರೆದು ವಿವೇಚಿಸಿದವನು ಫ್ರಾನ್ಸ್ ದೇಶದ ಸಮಾಜಶಾಸ್ತ್ರಜ್ಞನಾದ ಪಿಯೇರ್ ಬೋರ್ಡ್ಯೂ (1930–2002). ಹಳ್ಳಿಗಾಡಿನ ಅಂಚೆ ನೌಕರನ ಮಗನಾಗಿ ಹುಟ್ಟಿ, ವಿದ್ಯಾಬಲದಿಂದ ಪ್ಯಾರಿಸ್ಸಿನ ಆಚಾರ್ಯಪೀಠವನ್ನೇರಿದ ಆತನಿಗೆ ಎರಡು ಲೋಕಗಳ ಅಂತರವೂ ಸ್ವಾನುಭವದ ವಿಷಯವಾಗಿದ್ದಿತು. ಪಾಸರೋನ್ ಎಂಬ ವಿದ್ವಾಂಸನೊಡನೆ 1964ರಲ್ಲಿಯೂ 1970ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಆತನು ತೋರಿಸಿದುದೇನೆಂದರೆ: ಪಾಠಶಾಲೆಯು ಎಲ್ಲರನ್ನೂ ಸಮನಾಗಿ ಕಾಣುವೆನೆಂದರೂ, ಉಳ್ಳವರ ಮನೆಯ ಮಾತನ್ನೂ ರೀತಿಯನ್ನೂ ಅಳತೆಗೋಲಾಗಿ ಹಿಡಿಯುತ್ತದೆ, ಅವರ ಮಕ್ಕಳಿಗೆ ಪಿತ್ರಾರ್ಜಿತವಾಗಿ ಬಂದುದನ್ನು ಪ್ರತಿಭೆಯೆಂದು ಕೊಂಡಾಡುತ್ತದೆ, ಉಳಿದವರ ಸೋಲನ್ನು ಅವರ ಬುದ್ಧಿಯ ಕೊರತೆಯೆಂದೆಣಿಸುತ್ತದೆ.

ಈ ಮಾತು ಆಂಗ್ಲದೇಶದ ಶಿಶುಶಿಕ್ಷಣದ ಶಾಸನದೊಳಗೆ ಹೊಕ್ಕ ಬಗೆಯು ವಿಚಾರಾರ್ಹವಾಗಿದೆ. ಅಲ್ಲಿ ಶಿಶುಗೃಹಗಳ ತಪಾಸಣೆಯು 2001ರಲ್ಲಿ ಆಫ್‌ಸ್ಟೆಡ್ ಎಂಬ ಸರಕಾರೀ ಸಂಸ್ಥೆಗೆ ಸೇರಿತು. ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳ ಶಿಕ್ಷಣಕ್ಕೆ ಒಂದೇ ಕ್ರಮವು 2008ರಲ್ಲಿ ಜಾರಿಗೆ ಬಂದಿತು. 2019ರ ಸೆಪ್ಟೆಂಬರಿನಿಂದ, ಶಿಶುಗೃಹವು ಮಕ್ಕಳಿಗೆ, ವಿಶೇಷವಾಗಿ ಬಡಮಕ್ಕಳಿಗೆ, ‘ಸಾಂಸ್ಕೃತಿಕ ಮೂಲಧನ’ವನ್ನು ಒದಗಿಸುತ್ತಿದೆಯೇ ಎಂಬುದನ್ನೂ ತಪಾಸಣಾಧಿಕಾರಿಯು ನೋಡತಕ್ಕದ್ದಾಯಿತು. ಆದರೆ ಆ ಪದಕ್ಕೆ ಅಲ್ಲಿ ಕೊಟ್ಟ ಅರ್ಥದಲ್ಲಿ ಬೋರ್ಡ್ಯೂವಿಗಿಂತ ಮ್ಯಾಥ್ಯೂ ಆರ್ನಾಲ್ಡನ ಛಾಯೆಯೇ ಹೆಚ್ಚು. ಕವಿಯೂ, 35 ವರ್ಷ ಪಾಠಶಾಲೆಗಳ ತಪಾಸಣಾಧಿಕಾರಿಯೂ ಆಗಿದ್ದ ಆರ್ನಾಲ್ಡನು, ಲೋಕದ ಉತ್ತಮೋತ್ತಮ ವಿಚಾರಗಳ ಪರಿಚಯವೇ ಸಂಸ್ಕೃತಿಯೆಂದು 1869ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ್ದನು.

ಹೀಗೆ ಒಂದೇ ಪದವು ಎರಡು ದಾರಿ ಹಿಡಿಯಿತು. ಬೋರ್ಡ್ಯೂ ಅಳತೆಗೋಲನ್ನೇ ಪ್ರಶ್ನಿಸಿದನು. ನಿಯಮವು ಮಗುವಿನ ಕೊರತೆಯನ್ನು ಅಳೆಯಹೊರಟಿತು. ನಿಯಮದ ಉದ್ದೇಶವು ಒಳ್ಳೆಯದೇ. ಕಥೆ, ಹಾಡು, ಪುಸ್ತಕಗಳು ಬಡಮಗುವಿಗೂ ದೊರೆಯಬೇಕೆಂಬುದನ್ನು ಅಲ್ಲಗಳೆಯುವವರಾರು? ಆದರೆ ಮನೆಯಲ್ಲಿ ಒಂದು ಭಾಷೆಯನ್ನೂ ಬೀದಿಯಲ್ಲಿ ಇನ್ನೊಂದನ್ನೂ ಆಡುವ, ಅಜ್ಜಿಯ ಕಥೆಗಳನ್ನು ಬಾಯಿಪಾಠವಾಗಿ ಬಲ್ಲ ಕೂಲಿಕಾರನ ಮಗುವನ್ನು ಬರಿಗೊಡವೆಂದು ತಿಳಿಯುವುದು ನ್ಯಾಯವಲ್ಲ.

ಧನದ ಲೆಕ್ಕವನ್ನೂ ಮರೆಯಲಾಗದು. ಆ ದೇಶದಲ್ಲಿ 2010ರಿಂದ ಮೂರು ನಾಲ್ಕು ವರ್ಷದ ಮಕ್ಕಳೆಲ್ಲರಿಗೂ ವರ್ಷದ 38 ವಾರ, ವಾರಕ್ಕೆ 15 ಗಂಟೆಗಳ ಉಚಿತ ಶಿಕ್ಷಣವು ದೊರೆಯಿತು. ಎರಡು ವರ್ಷದ ಬಡಮಕ್ಕಳಿಗೂ 2013ರಿಂದ ಅಷ್ಟೇ ಗಂಟೆಗಳು ಸಂದವು. ಆದರೆ 2017ರಲ್ಲಿ ಗಂಟೆಗಳನ್ನು 30ಕ್ಕೆ ಏರಿಸಿದಾಗ ಆ ಹೆಚ್ಚಳವು ದುಡಿಮೆಯುಳ್ಳ ತಂದೆತಾಯಿಗಳ ಮಕ್ಕಳಿಗೇ ಮೀಸಲಾಯಿತು. ಕೆಲಸವಿಲ್ಲದವರ ಮನೆಯ ಮಗುವಿಗೆ ಮೂಲಧನವನ್ನು ತುಂಬಿರೆಂದು ವಿಧಿಸಿದ ಸರಕಾರವೇ, ಅದನ್ನು ತುಂಬುವ ಹೊತ್ತನ್ನು ಆ ಮಗುವಿಗೇ ಕಡಿಮೆ ಕೊಟ್ಟಿತು!

ಶಾಸನವು ಹೊಸ್ತಿಲವರೆಗೆ ಮಾತ್ರ ಬರಬಲ್ಲುದು; ಒಳಗಿನ ಕಾರ್ಯವು ಗುರುವಿನದು. ಆತನು ಮಗುವಿನ ಮನೆಯ ಮಾತನ್ನು ಮೊದಲು ಆದರದಿಂದ ಕೇಳಿ, ಆ ಬಳಿಕ ಪುಸ್ತಕದ ಮಾತನ್ನು ಕಲಿಸಲಿ. ಆಗ ಬಡವನ ಮಗುವೂ ತನ್ನದನ್ನು ಬಿಡದೆಯೇ ಲೋಕದ್ದನ್ನು ಪಡೆಯುವುದು.