ಶಾಲಾ ಸಮಿತಿಯ ಸದಸ್ಯರಿಗೆ ದಿನಭತ್ಯ
(ಆಲ್ಕೊಳದಲ್ಲಿ ಮಾಡಿದ ಭಾಷಣ)



ಶಾಲಾ ಸಮಿತಿಯಲ್ಲಿ ಕುಳಿತು ಕೆಲಸಮಾಡುವವರಿಗೆ ಹಣ ಕೊಡಬೇಕೆಂದರೆ ನಮ್ಮಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ವಿದ್ಯಾದಾನದ ಕಾರ್ಯಕ್ಕೆ ಕೂಲಿಯೇ? ಎಂದು ಕೇಳುತ್ತಾರೆ. ಹೀಗೆ ಕೇಳುವವರು ಬಹುಮಟ್ಟಿಗೆ ತಿಂಗಳ ಸಂಬಳವುಳ್ಳವರೆಂಬುದನ್ನು ನಾವು ಹೇಳದೆ ಇರಲಾರೆವು.

1923ರ ಮುಂಬಯಿ ಕಾಯಿದೆಯ ಮೇರೆಗೆ ಧಾರವಾಡ, ಬೆಳಗಾವಿಗಳ ಕಡೆ ಪ್ರಾಥಮಿಕ ಶಾಲೆಗಳು ಸ್ಕೂಲ್ ಬೋರ್ಡುಗಳ ಕೈಗೆ ಬಂದುವು. ಆ ಕಾಲದಲ್ಲಿ ಮತಾಧಿಕಾರವೇ ಆಸ್ತಿ ತೆರಿಗೆಗಳಿಗೆ ಕಟ್ಟುಬಿದ್ದಿದ್ದುದರಿಂದ ಬೋರ್ಡಿಗೆ ಬರುವವರು ಬಿಡುವುಳ್ಳವರೇ ಆಗಿದ್ದುದು ಸಹಜ. 1956ರಲ್ಲಿ ನಾಡು ಒಂದಾಯಿತು; 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಇಡೀ ರಾಜ್ಯಕ್ಕೊಂದೇ ಕಾಯಿದೆಯಾಯಿತು. 2001ರಲ್ಲಿ ನಮ್ಮ ಸರ್ಕಾರವು ಶಾಲೆ ಶಾಲೆಗೂ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಏರ್ಪಡಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೂ ಇಂಥ ಸಮಿತಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೂ ಪೋಷಕರೂ ಇರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು, ದುರ್ಬಲ ವರ್ಗದವರಿಗೂ ತಕ್ಕ ಪಾಲು ಸಲ್ಲಬೇಕೆಂದು ವಿಧಿಸಿತು. ಶಾಲೆಯ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಅನುದಾನದ ವೆಚ್ಚವನ್ನು ನೋಡುವುದು ಇವರ ಕರ್ತವ್ಯ. ವೇತನ ಮಾತ್ರ ಇಲ್ಲ.

ಈಗ ಯೋಚಿಸಿರಿ. ಗಾರೆ ಕೆಲಸದ ತಂದೆಯೋ ಮನೆಗೆಲಸಕ್ಕೆ ಹೋಗುವ ತಾಯಿಯೋ ಹಗಲು ಸಭೆಗೆ ಬಂದರೆ ಅಂದಿನ ಕೂಲಿ ಹೋಯಿತು. ಅದೇ ಸಭೆಯಲ್ಲಿ ಮುಖ್ಯೋಪಾಧ್ಯಾಯರ ಸಂಬಳ ನಡೆಯುತ್ತಲೇ ಇರುತ್ತದೆ. ಗ್ರಾಮ ಪಂಚಾಯತಿಯ ಸದಸ್ಯರಿಗೆ ಗೌರವಧನವುಂಟು, ಶಾಸಕರಿಗೆ ವೇತನವೂ ಭತ್ಯವೂ ಉಂಟು. ಅವರ ಸೇವೆ ಇದರಿಂದ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಬಡವನ ಸೇವೆಗೆ ಮಾತ್ರ ತ್ಯಾಗದ ಉಪದೇಶ! ಸಂಜೆ ಸಭೆ ಸೇರಿಸಬಹುದೆನ್ನುವವರು ಆ ಹೊತ್ತಿಗೆ ಒಲೆ ಹಚ್ಚುವವರು ಯಾರೆಂಬುದನ್ನು ಮರೆತಿದ್ದಾರೆ.

ಇಂಗ್ಲೆಂಡಿನಲ್ಲಿಯೂ ಈ ವಾದ ನಡೆಯಿತು. 1838ರ ಚಾರ್ಟಿಸ್ಟರ ಬೇಡಿಕೆಗಳಲ್ಲಿ ಪಾರ್ಲಿಮೆಂಟಿನ ಸದಸ್ಯರಿಗೆ ವೇತನವೆಂಬುದೊಂದು. ಶ್ರೀಮಂತರು ನಕ್ಕರು. ಮುಂದೆ ಕಾರ್ಮಿಕ ಸಂಘಗಳೇ ತಮ್ಮ ಪ್ರತಿನಿಧಿಗಳನ್ನು ಪೋಷಿಸಿದುವು. 1909ರ ನ್ಯಾಯತೀರ್ಪು ಅದನ್ನೂ ತಡೆಯಿತು. ಕಡೆಗೆ 1911ರಲ್ಲಿ ವರ್ಷಕ್ಕೆ 400 ಪೌಂಡುಗಳ ವೇತನ ಗೊತ್ತಾಯಿತು.

ನಾವು ತಿಂಗಳ ಸಂಬಳವನ್ನು ಕೇಳುತ್ತಿಲ್ಲ. ಸಂಬಳವಿಟ್ಟರೆ ಮಗುವಿನ ಹಿತಕ್ಕಿಂತ ಸ್ಥಾನದ ಆಸೆಯಿಂದ ಬರುವವರೇ ಹೆಚ್ಚಾರು. ಆ ಭಯ ನಮಗೂ ಇದೆ. ಸಭೆಗೆ ಬಂದು ನಡವಳಿ ಪುಸ್ತಕದಲ್ಲಿ ರುಜು ಹಾಕಿದ ತಂದೆತಾಯಿಗಳಿಗೆ, ಸರ್ಕಾರವೇ ಗೊತ್ತುಮಾಡಿರುವ ಕನಿಷ್ಠ ಕೂಲಿಯ ಒಂದು ದಿನದ ಮೊತ್ತ ಸಲ್ಲಲಿ. ಅದು ಶಾಲೆಯ ಅನುದಾನದಿಂದ ಕಡಿತವಾಗಕೂಡದು. ಸೀಮೆಸುಣ್ಣಕ್ಕೂ ನೀರಿನ ತೊಟ್ಟಿಗೂ ಇರುವ ಹಣ ಅದು. ಸರ್ಕಾರವು ಬೇರೆಯಾಗಿ ತೆಗೆದಿರಿಸಿ, ನೇರವಾಗಿ ಸದಸ್ಯರ ಬ್ಯಾಂಕ್ ಖಾತೆಗೆ ಕಳುಹಿಸತಕ್ಕದ್ದು.